ಕುಡಿತ ಬಿಡಿಸಲು ಯಾವ ಸೆಂಟರ್ ಒಳ್ಳೆಯದು? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು

ಮನೆಯಲ್ಲಿ ಒಬ್ಬರ ಕುಡಿತ ಕೈಮೀರಿದಾಗ ಮನೆಯವರು ಮೊದಲು ಕೇಳುವುದು ಒಂದೇ ಮಾತು: "ಒಳ್ಳೆ ಸೆಂಟರ್ ಯಾವುದಾದರೂ ಗೊತ್ತಾ?" ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಹತ್ತು ಉತ್ತರ ಬರುತ್ತವೆ. ಒಬ್ಬರು ಶಿಬಿರಕ್ಕೆ ಸೇರಿಸಿ ಅನ್ನುತ್ತಾರೆ, ಇನ್ನೊಬ್ಬರು ಮೂರು ತಿಂಗಳು ಒಳಗೇ ಇಟ್ಟುಕೊಳ್ಳುವ ಜಾಗದ ನಂಬರ್ ಕಳಿಸುತ್ತಾರೆ, ಮತ್ತೊಬ್ಬರು ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿಯ ಬಗ್ಗೆ ಹೇಳುತ್ತಾರೆ, ನಮ್ಮ ಭಾವನಿಗೆ ಒಂದು ಮಾತ್ರೆಯಲ್ಲೇ ಬಿಟ್ಟುಹೋಯಿತು ಅನ್ನುವವರೂ ಇರುತ್ತಾರೆ. ಅವರವರ ಅನುಭವ ಅವರಿಗೆ ನಿಜ. ಆದರೆ ಪಕ್ಕದ ಮನೆಯವರಿಗೆ ಅವರ ಕನ್ನಡಕದಲ್ಲಿ ಚೆನ್ನಾಗಿ ಕಾಣಿಸುತ್ತದೆ ಅಂತ ಅದನ್ನೇ ನಾವೂ ಹಾಕಿಕೊಂಡರೆ ಆಗುತ್ತದಾ? ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ನಂಬರ್, ಅಂಗಡಿ ಯಾವುದು ಅನ್ನುವುದು ಕೊನೆಗೆ. ಕೆಲವು ವರ್ಷ ಕಳೆದರೆ ಅದೇ ಕಣ್ಣಿನ ನಂಬರ್ ಕೂಡ ಬದಲಾಗುತ್ತದೆ.

ಚಟದ ಚಿಕಿತ್ಸೆಯೂ ಹೀಗೆಯೇ. ಯಾರಿಗೆ, ಯಾವ ಹಂತದಲ್ಲಿ, ಯಾವ ಚಿಕಿತ್ಸೆ ಹೊಂದುತ್ತದೆ ಅನ್ನುವುದನ್ನು ವೈದ್ಯರು ಮತ್ತು ಸಂಶೋಧಕರು ಹತ್ತಾರು ವರ್ಷಗಳಿಂದ ಹುಡುಕುತ್ತಾ ಬಂದಿದ್ದಾರೆ. ಅದರಲ್ಲಿ ಗೊತ್ತಾಗಿರುವುದು ಏನು, ಮನೆಯವರು ಅದನ್ನು ಹೇಗೆ ಬಳಸಿಕೊಳ್ಳಬಹುದು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮದ್ಯದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ, ಏಕೆಂದರೆ ನಮ್ಮಲ್ಲಿ ದೊಡ್ಡ ಹೊರೆ ಅದರದ್ದೇ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದಿಂದ ತೊಂದರೆ ಆಗುತ್ತಿದೆ, ಅವರಿಗೆ ಸಹಾಯ ಬೇಕು. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ ಅಂತಲೂ ಅದೇ ಸಮೀಕ್ಷೆ ಹೇಳುತ್ತದೆ. ಹೀಗೆ ಕಷ್ಟಪಟ್ಟು ಬಾಗಿಲಿಗೆ ಬಂದ ಆ ಒಬ್ಬರಿಗೂ ಹೊಂದದ ಚಿಕಿತ್ಸೆ ಸಿಕ್ಕರೆ, ಅವರು ಮತ್ತೆ ಆ ಕಡೆ ತಲೆ ಹಾಕುವುದೂ ಇಲ್ಲ. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ.

ಮೊದಲು ಕೆಲವು ಮಾತುಗಳ ಅರ್ಥ

ಡಾಕ್ಟರು ಅವಲಂಬನೆ ಅಂದರೆ, ಕುಡಿಯಲೇಬೇಕು ಅನ್ನುವ ತೀವ್ರ ಆಸೆ, ಶುರು ಮಾಡಿದರೆ ನಿಲ್ಲಿಸಲಾಗದ ಸ್ಥಿತಿ, ಮೊದಲಿನ ಅಮಲು ಬರಲು ದಿನೇದಿನೇ ಜಾಸ್ತಿ ಬೇಕಾಗುವುದು, ಬಿಟ್ಟರೆ ಮೈ ಕೆಡುವುದು, ಹಾನಿ ಕಣ್ಣೆದುರೇ ಕಾಣುತ್ತಿದ್ದರೂ ಮುಂದುವರಿಸುವುದು. ಇವುಗಳಲ್ಲಿ ಕೆಲವು ಒಟ್ಟಿಗೆ ಇದ್ದರೆ ಅದನ್ನು ಕಾಯಿಲೆ ಅಂತಲೇ ನೋಡುತ್ತಾರೆ.

ಬಿಟ್ಟಾಗ ಮೈ ಕೆಡುವುದಕ್ಕೆ ವಿತ್‌ಡ್ರಾವಲ್ ಅನ್ನುತ್ತಾರೆ. ಇದು ಯಾಕೆ ಆಗುತ್ತದೆ? ಮದ್ಯ ಮೆದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನಾ ಕುಡಿಯುವವರ ಮೆದುಳು ಅದನ್ನು ಸರಿದೂಗಿಸಲು ತನ್ನ ಚಟುವಟಿಕೆಯನ್ನು ಏರಿಸಿಕೊಂಡಿರುತ್ತದೆ. ಒಂದು ದಿನ ಮದ್ಯ ದಿಢೀರನೆ ನಿಂತರೆ ತಗ್ಗಿಸುವುದು ಯಾವುದೂ ಇರುವುದಿಲ್ಲ, ಏರಿದ್ದು ಮಾತ್ರ ಹಾಗೇ ಉಳಿಯುತ್ತದೆ. ಕೈ ನಡುಕ, ಬೆವರು, ನಿದ್ದೆ ಬಾರದಿರುವುದು, ಎದೆ ಬಡಿತ, ಕೆಲವರಿಗೆ ಫಿಟ್ಸ್, ಎಲ್ಲ ಬರುವುದು ಅಲ್ಲಿಂದಲೇ.

ಈ ದಿನಗಳನ್ನು ಔಷಧಿ ಕೊಟ್ಟು ಸುರಕ್ಷಿತವಾಗಿ ದಾಟಿಸುವುದಕ್ಕೆ ಡಿಟಾಕ್ಸ್ ಅಂತ ಹೆಸರು. ಸಾಮಾನ್ಯವಾಗಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನದ ಕೆಲಸ. ಆಮೇಲೆ ಕುಡಿಯದೆ ಬದುಕುವುದನ್ನು ಕಲಿಯುವ ತಿಂಗಳುಗಟ್ಟಲೆಯ ಕೆಲಸಕ್ಕೆ ರಿಹ್ಯಾಬ್ ಅಥವಾ ಪುನರ್ವಸತಿ ಅನ್ನುತ್ತಾರೆ. ಇವೆರಡೂ ಒಂದೇ ಅಂತ ತುಂಬಾ ಮನೆಗಳಲ್ಲಿ ತಿಳಿದುಕೊಂಡಿರುತ್ತಾರೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ದಿನ "ವಾಸಿಯಾಯಿತು" ಅಂತ ನಿಟ್ಟುಸಿರು ಬಿಡುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಕುಡಿದರೆ "ದುಡ್ಡೆಲ್ಲ ದಂಡ" ಅನ್ನುತ್ತಾರೆ. ಅಲ್ಲಿ ಆಗಿದ್ದು ಡಿಟಾಕ್ಸ್ ಮಾತ್ರ, ಚಿಕಿತ್ಸೆಯ ದೊಡ್ಡ ಭಾಗ ಇನ್ನೂ ಶುರುವೇ ಆಗಿರಲಿಲ್ಲ. ಬಿಟ್ಟ ಮೇಲೆ ಮತ್ತೆ ಹಳೆ ದಾರಿಗೆ ಜಾರುವುದಕ್ಕೆ ರಿಲ್ಯಾಪ್ಸ್ ಅನ್ನುತ್ತಾರೆ.

ಎಷ್ಟು ತೀವ್ರ? ಹತ್ತು ಪ್ರಶ್ನೆಗಳ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿದ 'ಆಡಿಟ್' ಅನ್ನುವ ಪ್ರಶ್ನಾವಳಿ ಇದೆ. ಹತ್ತೇ ಪ್ರಶ್ನೆ, ಒಟ್ಟು 40 ಅಂಕ. ಎಷ್ಟು ಸಲ ಕುಡಿಯುತ್ತೀರಿ, ಒಂದು ಸಲಕ್ಕೆ ಎಷ್ಟು, ಬೆಳಗ್ಗೆ ಎದ್ದ ತಕ್ಷಣ ಬೇಕಾಗುತ್ತದಾ, ರಾತ್ರಿ ಏನಾಯಿತು ಅಂತ ನೆನಪೇ ಇಲ್ಲದ ಹಾಗೆ ಆಗಿದೆಯಾ, ಮನೆಯವರು ಅಥವಾ ಡಾಕ್ಟರು ಚಿಂತೆಪಟ್ಟಿದ್ದಾರಾ, ಇಂಥ ಪ್ರಶ್ನೆಗಳು. ಅಂಕ 8ಕ್ಕಿಂತ ಕಡಿಮೆ ಇದ್ದರೆ ಸುಮ್ನೆ ತಿಳಿವಳಿಕೆ ಸಾಕು. 8ರಿಂದ 15 ಬಂದರೆ ಡಾಕ್ಟರ ಸರಳ ಸಲಹೆ. 16ರಿಂದ 19 ಬಂದರೆ ಕೆಲವು ಸಲ ಕೂರಿಸಿ ಮಾತಾಡುವ ಕೌನ್ಸೆಲಿಂಗ್, ಜೊತೆಗೆ ಆಗಾಗ ವಿಚಾರಿಸಿ ನೋಡುವುದು. 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವಲಂಬನೆ ಇರುವ ಸಾಧ್ಯತೆ ಜಾಸ್ತಿ, ತಜ್ಞರ ಹತ್ತಿರ ಹೋಗಬೇಕು. ಚಿಕಿತ್ಸೆ ಹೊಂದಿಸುವ ಕೆಲಸದಲ್ಲಿ ಇದೇ ಮೊದಲ ಮೆಟ್ಟಿಲು.

ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. ಈ ಪಟ್ಟಿಯಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 10 ಗ್ರಾಂ ಆಲ್ಕೊಹಾಲ್, ಅಂದರೆ 30 ಎಂಎಲ್ ವಿಸ್ಕಿ ಅಥವಾ ಬ್ರಾಂದಿ. 90 ಎಂಎಲ್‌ನ ಒಂದು ಪ್ಯಾಕೆಟ್ ಮೂರು ಡ್ರಿಂಕ್, ಒಂದು ಕ್ವಾರ್ಟರ್ ಆರು ಡ್ರಿಂಕ್. "ದಿನಾ ಒಂದೇ ಕ್ವಾರ್ಟರ್ ಸರ್, ಜಾಸ್ತಿ ಏನಿಲ್ಲ" ಅನ್ನುವವರು ನಿಜ ಹೇಳುತ್ತಿರಬಹುದು. ಆದರೆ ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಡ್ರಿಂಕ್ ಕುಡಿಯುವುದನ್ನು ಅತಿ ಕುಡಿತ ಅಂತ ಲೆಕ್ಕ ಹಿಡಿದು, ಈ ಪಟ್ಟಿ ಅದಕ್ಕಾಗಿಯೇ ಒಂದು ಪ್ರಶ್ನೆ ಇಟ್ಟುಕೊಂಡಿದೆ.

ನಡುವಿನ ಅಂಕದವರಿಗೆ ಆಸ್ಪತ್ರೆಯೂ ಬೇಡ, ಸೆಂಟರೂ ಬೇಡ ಅನ್ನುವುದಕ್ಕೆ ನಮ್ಮ ಪಕ್ಕದ ಗೋವಾದಲ್ಲೇ ಒಳ್ಳೆಯ ಸಾಕ್ಷಿ ಇದೆ. ಅಲ್ಲಿನ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಗಂಡಸರಲ್ಲಿ ಆಡಿಟ್ ಅಂಕ 12ರಿಂದ 19 ಇದ್ದ 377 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಹೆಚ್ಚೆಂದರೆ ನಾಲ್ಕು ಸಲ ಕೌನ್ಸೆಲಿಂಗ್. ಕೌನ್ಸೆಲಿಂಗ್ ಮಾಡಿದವರು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ, ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳ ನಂತರ ನೋಡಿದರೆ ಮಾತಿನ ನೆರವು ಸಿಕ್ಕವರಲ್ಲಿ 36% ಜನ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು, ಇನ್ನೊಂದು ಗುಂಪಿನಲ್ಲಿ 26%. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂಥ ಹಂತದಲ್ಲಿರುವವರನ್ನು ಎತ್ತಿಕೊಂಡು ಹೋಗಿ ಮೂರು ತಿಂಗಳು ಕೂಡಿಹಾಕಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ: ಕೆಲಸ ಹೋಗುತ್ತದೆ, ಮನೆಯವರ ಮೇಲೆ ಸಿಟ್ಟು ಉಳಿಯುತ್ತದೆ.

ಬಿಟ್ಟ ಮೊದಲ ವಾರ: ಯಾರು ಮನೆಯಲ್ಲಿ, ಯಾರು ಆಸ್ಪತ್ರೆಯಲ್ಲಿ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ, ಜೀವಕ್ಕೆ ಕುತ್ತು ಬರುವುದು ಇಲ್ಲೇ. "ಇವತ್ತಿನಿಂದ ಒಂದು ಹನಿಯೂ ಮುಟ್ಟಲ್ಲ" ಅಂತ ದೇವರ ಮುಂದೆ ಆಣೆ ಮಾಡಿ ಮನೆಯಲ್ಲೇ ದಿಢೀರನೆ ನಿಲ್ಲಿಸುವುದು ಕೆಲವರಿಗೆ ನಿಜಕ್ಕೂ ಅಪಾಯ.

ಕೊನೆಯ ಗುಟುಕಾದ ಆರೆಂಟು ಗಂಟೆಗೆ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಫಿಟ್ಸ್ ಬರುವವರಿಗೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಬರುತ್ತದೆ: ಎಲ್ಲಿದ್ದೇನೆ, ಇವತ್ತು ಯಾವ ದಿನ ಅಂತ ಗೊತ್ತಾಗುವುದಿಲ್ಲ, ಗೋಡೆ ಮೇಲೆ ಹುಳ ಹರಿಯುವುದು ಕಾಣಿಸುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಮೈ ಸುಡುತ್ತದೆ. ನಮ್ಮ ಊರುಗಳಲ್ಲಿ ಇದನ್ನು ಗಾಳಿ ಸೋಕಿದೆ ಅಂತ ತಿಳಿದು ಬೇರೆ ಕಡೆ ಕರೆದುಕೊಂಡು ಹೋಗುವುದುಂಟು. ತಡ ಮಾಡಿದರೆ ಜೀವವೇ ಹೋಗಬಹುದು. ಸೀದಾ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಯಾರನ್ನು ಅಡ್ಮಿಟ್ ಮಾಡಲೇಬೇಕು? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಡೆಲಿರಿಯಂ ಬಂದಿದ್ದವರು, ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಿಲ್ಲದವರು, ಮದ್ಯದ ಜೊತೆ ನಿದ್ದೆ ಮಾತ್ರೆಯನ್ನೂ ಅಭ್ಯಾಸ ಮಾಡಿಕೊಂಡವರು, ಲಿವರ್ ಅಥವಾ ಹೃದಯದ ಕಾಯಿಲೆ ಇರುವವರು, ವಯಸ್ಸಾದವರು, ಗರ್ಭಿಣಿಯರು, ಸಾಯುವ ಮಾತಾಡುತ್ತಿರುವವರು, ಮನೆಯಲ್ಲಿ ಹಗಲು ರಾತ್ರಿ ನೋಡಿಕೊಳ್ಳಲು ಯಾರೂ ಇಲ್ಲದವರು. ಇದ್ಯಾವುದೂ ಇಲ್ಲ, ಲಕ್ಷಣವೂ ಸೌಮ್ಯ, ಪಕ್ಕದಲ್ಲಿ ಜವಾಬ್ದಾರಿ ಇರುವ ಒಬ್ಬರಿದ್ದಾರೆ ಅಂದರೆ ಡಾಕ್ಟರಿಗೆ ತೋರಿಸಿ, ಅವರು ಬರೆದ ಔಷಧಿ ತೆಗೆದುಕೊಂಡು ಮನೆಯಲ್ಲೇ ಡಿಟಾಕ್ಸ್ ಆಗಬಹುದು. ಕ್ಲೋರ್‌ಡಯಾಜಿಪಾಕ್ಸೈಡ್ ಅಥವಾ ಡಯಾಜಿಪಾಮ್ ಗುಂಪಿನ ಮಾತ್ರೆಯನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ನಿಲ್ಲಿಸುತ್ತಾರೆ. ಲಿವರ್ ಹಾಳಾಗಿದ್ದರೆ ಅದರ ಬದಲು ಲೊರಾಜಿಪಾಮ್. ಇಲ್ಲೂ ನೋಡಿ, ಒಂದೇ ಕಾಯಿಲೆ, ಆದರೆ ದೇಹ ಬೇರೆ ಆದ್ದರಿಂದ ಮಾತ್ರೆಯೂ ಬೇರೆ. ಈ ಮಾತ್ರೆಗಳಿಗೂ ಅಂಟಿಕೊಳ್ಳುವ ಗುಣ ಇದೆ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನಾವೇ ಕೊಡುವ ಹಾಗಿಲ್ಲ.

ಇನ್ನೊಂದು ವಿಷಯ ಥಯಮಿನ್, ಅಂದರೆ ಬಿ1 ವಿಟಮಿನ್. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಇದು ಖಾಲಿಯಾಗಿರುತ್ತದೆ. ಅಂಥವರಿಗೆ "ಸುಸ್ತಾಗಿದ್ದಾರೆ, ಒಂದು ಡ್ರಿಪ್ ಹಾಕಿ" ಅಂತ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಅಪಾಯ ಇದೆ. ನೆನಪಿನ ಶಕ್ತಿ ಮತ್ತೆ ಬಾರದ ಹಾಗೆ ಹೋಗಬಹುದು. ಸಣ್ಣ ಕ್ಲಿನಿಕ್ಕಿಗೆ ಹೋದಾಗ "ಇವರು ದಿನಾ ಕುಡಿಯುತ್ತಾರೆ" ಅಂತ ನಾಚಿಕೆ ಬಿಟ್ಟು ಹೇಳಿಬಿಡಿ, ಆಗ ಡಾಕ್ಟರಿಗೆ ಬಿ1 ಕೊಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮತ್ತೆ ಕುಡಿಯದಂತೆ ತಡೆಯುವ ಮಾತ್ರೆಗಳು

ಡಿಟಾಕ್ಸ್ ಮುಗಿದ ಮೇಲೆ ಕೊಡುವ ಔಷಧಿಗಳು ಬೇರೆ. ಇವುಗಳಲ್ಲಿ ಹೊಂದಾಣಿಕೆಯ ವಿಷಯ ತುಂಬಾ ಸ್ಪಷ್ಟವಾಗಿದೆ.

ನಾಲ್ಟ್ರೆಕ್ಸೋನ್ ಕುಡಿತದಿಂದ ಸಿಗುವ ಖುಷಿಯನ್ನು ಕಡಿಮೆ ಮಾಡುತ್ತದೆ. ಆದರೆ ಬೇರೆ ಕಾಯಿಲೆಗೆ ಟ್ರಾಮಡಾಲ್, ಮಾರ್ಫಿನ್ ತರಹದ ಓಪಿಯಾಯ್ಡ್ (ಅಫೀಮಿನ ಗುಂಪಿನ) ನೋವಿನ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಕೊಡುವ ಹಾಗಿಲ್ಲ. ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆಯನ್ನು ತಗ್ಗಿಸಿ, ಬಿಟ್ಟಿದ್ದನ್ನು ಉಳಿಸಿಕೊಳ್ಳಲು ನೆರವಾಗುತ್ತದೆ. ಅದು ಮೈಯಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ, ಆದ್ದರಿಂದ ಕಿಡ್ನಿ ತೀರಾ ಕೆಟ್ಟವರಿಗೆ ಆಗದು. ದಿನಕ್ಕೆ ಮೂರು ಸಲ ನುಂಗಬೇಕು, ಮರೆವಿನವರಿಗೆ ಕಷ್ಟ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಬಾಕ್ಲೊಫೆನ್ ಅನ್ನು ಬಳಸಿ ನೋಡಿದ್ದಾರೆ, ಅಂಥವರಿಗೆ ಡಾಕ್ಟರು ಅದನ್ನು ಯೋಚಿಸಬಹುದು.

ಡೈಸಲ್ಫಿರಾಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮದ್ಯ ಮೈಯಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಅನ್ನುವ ವಿಷವಸ್ತು ಹುಟ್ಟುತ್ತದೆ, ಮಾಮೂಲಿಯಾಗಿ ದೇಹ ಅದನ್ನು ಬೇಗ ಒಡೆದು ಹಾಕುತ್ತದೆ. ಈ ಮಾತ್ರೆ ಆ ಕೆಲಸವನ್ನು ತಡೆಯುತ್ತದೆ. ಮಾತ್ರೆ ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಆಗುತ್ತದೆ, ಬಿಪಿ ಇಳಿಯುತ್ತದೆ. ಈ ಭಯವೇ ಕುಡಿಯದಂತೆ ತಡೆಯುವುದು. ಅಂದಮೇಲೆ, ತೆಗೆದುಕೊಳ್ಳುವವರಿಗೆ ಗೊತ್ತಿರಲೇಬೇಕು, ಅಲ್ವಾ? ತಾನೇ ಒಪ್ಪಿ, ಹೆಂಡತಿಯೋ ತಾಯಿಯೋ ದಿನಾ ಬೆಳಗ್ಗೆ ಎದುರು ನಿಂತು ಕೊಡುವ ಮನೆಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹೃದಯದ ಕಾಯಿಲೆ ಇರುವವರಿಗೆ, ಸೈಕೋಸಿಸ್ (ಇಲ್ಲದ್ದು ಕಾಣಿಸುವ, ಕೇಳಿಸುವ, ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಇರುವವರಿಗೆ ಇದು ಬೇಡ. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿದರೆ ಏನಾಗುತ್ತದೆ ಯೋಚಿಸಿ: ಅವರು ಎಂದಿನಂತೆ ಬಾರಿನಲ್ಲಿ ಕೂತು ಕುಡಿಯುತ್ತಾರೆ, ಬಿಪಿ ಕುಸಿದು ಅಲ್ಲೇ ಬೀಳುತ್ತಾರೆ, ಪಕ್ಕದಲ್ಲಿದ್ದವರಿಗೂ ಆಸ್ಪತ್ರೆಯವರಿಗೂ ಕಾರಣ ತಿಳಿಯುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಇದರ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. ಏನು ಬೆರೆಸಿದ್ದಾರೆ ಅಂತ ಹೇಳದೆ ಮಾರುವ ಪುಡಿಗಳನ್ನು ಮನೆಗೆ ತರಲೇಬೇಡಿ. ತರುವವರು ಪ್ರೀತಿಯಿಂದಲೇ ತರುತ್ತಾರೆ ಅನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಮೆರಿಕ ಮಾಡಿ ನೋಡಿದ ದೊಡ್ಡ ಪರೀಕ್ಷೆ

ಈಗ ಮಾತಿನ ಚಿಕಿತ್ಸೆಗೆ ಬರೋಣ. ಯಾವ ಸ್ವಭಾವದ ವ್ಯಕ್ತಿಗೆ ಯಾವ ರೀತಿಯ ಕೌನ್ಸೆಲಿಂಗ್ ಕೊಟ್ಟರೆ ಒಳ್ಳೆಯದು ಅಂತ ಮೊದಲೇ ಹೇಳಲು ಸಾಧ್ಯವಾ? ಸಾಧ್ಯ ಅಂತಲೇ 1980ರ ದಶಕದಲ್ಲಿ ತುಂಬಾ ಜನ ನಂಬಿದ್ದರು. ಅದನ್ನು ಸಾಬೀತು ಮಾಡಲು ಅಮೆರಿಕ ಸರ್ಕಾರದ ಮದ್ಯಪಾನ ಸಂಶೋಧನಾ ಸಂಸ್ಥೆ 1989ರಲ್ಲಿ 'ಪ್ರಾಜೆಕ್ಟ್ ಮ್ಯಾಚ್' ಅನ್ನುವ ಅಧ್ಯಯನ ಶುರು ಮಾಡಿತು. 1,726 ರೋಗಿಗಳು. ಅವರಲ್ಲಿ 952 ಜನ ಮನೆಯಿಂದ ಬಂದು ಹೋಗುವವರು, 774 ಜನ ಒಳರೋಗಿಯಾಗಿಯೋ ಹಗಲು ಆಸ್ಪತ್ರೆಯಲ್ಲೋ ಚಿಕಿತ್ಸೆ ಮುಗಿಸಿ ಬಂದವರು. ಎಲ್ಲರನ್ನೂ ಚೀಟಿ ಎತ್ತಿದ ಹಾಗೆ ಮೂರರಲ್ಲಿ ಒಂದು ಚಿಕಿತ್ಸೆಗೆ ಹಾಕಿದರು.

ಮೊದಲನೆಯದರಲ್ಲಿ ಕುಡಿಯಬೇಕು ಅನಿಸುವ ಸನ್ನಿವೇಶಗಳನ್ನು ಗುರುತಿಸಿ, ಆ ಹೊತ್ತಿನಲ್ಲಿ ಬೇರೆ ಏನು ಮಾಡಬಹುದು ಅಂತ ಅಭ್ಯಾಸ ಮಾಡಿಸುತ್ತಾರೆ. ಸಿಬಿಟಿ ಅಂತ ನೀವು ಕೇಳಿರುವುದು ಇದನ್ನೇ. ಎರಡನೆಯದು ಆಲ್ಕೊಹಾಲಿಕ್ಸ್ ಅನಾನಿಮಸ್ ಅಂದರೆ ಎಎ ಗುಂಪಿನ ಹನ್ನೆರಡು ಹೆಜ್ಜೆಗಳ ಕಡೆಗೆ ಕರೆದೊಯ್ಯುವ ಚಿಕಿತ್ಸೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಎಎ ಕೂಟಗಳು ಬೆಂಗಳೂರಿನಲ್ಲಿ ಕನ್ನಡದಲ್ಲೂ ನಡೆಯುತ್ತವೆ. ಮೂರನೆಯದು ಪ್ರೇರಣೆ ಹೆಚ್ಚಿಸುವ ಮಾತುಕತೆ: ಉಪದೇಶ ಇಲ್ಲ, ಬೈಗುಳ ಇಲ್ಲ, ಬದಲಾಗಬೇಕು ಅನ್ನುವ ಕಾರಣವನ್ನು ಅವರ ಬಾಯಿಂದಲೇ ಹೊರಡಿಸುವುದು. ಮೊದಲೆರಡಕ್ಕೆ 12 ವಾರದಲ್ಲಿ 12 ಭೇಟಿ, ಇದಕ್ಕೆ ನಾಲ್ಕೇ ಭೇಟಿ.

1997ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದ್ದರು. ಚಿಕಿತ್ಸೆಗೆ ಮುಂಚೆ ತಿಂಗಳಿಗೆ ಸುಮಾರು 25 ದಿನ ಕುಡಿಯುತ್ತಿದ್ದವರು ಆರು ದಿನಕ್ಕಿಂತ ಕಡಿಮೆಗೆ ಇಳಿದಿದ್ದರು. ಇಂಥ ಸ್ವಭಾವದವರಿಗೆ ಇಂಥ ಚಿಕಿತ್ಸೆ ಅಂತ ಮೊದಲೇ ಬರೆದಿಟ್ಟಿದ್ದ ಊಹೆಗಳಲ್ಲಿ ಹೆಚ್ಚಿನವು ನಿಜವಾಗಲಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ 742 ಜನರ ಮೇಲೆ ಇನ್ನೊಂದು ಜೋಡಿ ಚಿಕಿತ್ಸೆಗಳನ್ನು ಹೋಲಿಸಿದಾಗಲೂ ಎರಡೂ ಸಮವೇ ಆದವು.

ಆದರೂ ಒಂದೆರಡು ಹೊಂದಾಣಿಕೆ ಸಿಕ್ಕವು, ಅವು ನಮಗೂ ಉಪಯೋಗಕ್ಕೆ ಬರುತ್ತವೆ. ಸಿಟ್ಟು ಜಾಸ್ತಿ ಇರುವವರು, ಯಾರೇ ಹೇಳಿದರೂ ತಿರುಗಿ ಬೀಳುವವರು ಉಪದೇಶ ಇಲ್ಲದ ಆ ಮೂರನೆಯ ಚಿಕಿತ್ಸೆಯಲ್ಲಿ ಚೆನ್ನಾಗಿ ಸುಧಾರಿಸಿದರು. ಸುತ್ತಮುತ್ತ ಇರುವವರೆಲ್ಲ ಕುಡಿಯುವವರೇ ಆಗಿದ್ದರೆ, ಅಂಥವರಿಗೆ ಮೂರು ವರ್ಷದ ನಂತರ ನೋಡಿದಾಗ ಎಎ ಕಡೆಗೆ ಕರೆದೊಯ್ದ ಚಿಕಿತ್ಸೆ ಹೆಚ್ಚು ನೆರವಾಗಿತ್ತು. ಇದು ಸಹಜವೇ. ಕೆಲಸ ಮುಗಿಸಿ ಸಂಜೆ ಹೋಗುವ ಜೊತೆಗಾರರೆಲ್ಲ ಬಾರಿನಲ್ಲೇ ಇದ್ದರೆ, ಕುಡಿಯದ ಒಂದು ಹೊಸ ಬಳಗ ಸಿಗುವುದು ದೊಡ್ಡ ವಿಷಯ.

ಈ ಅಧ್ಯಯನದಿಂದ ಮನೆಯವರು ತಿಳಿಯಬೇಕಾದದ್ದು ಇಷ್ಟು: ಯಾವ ಹೆಸರಿನ ಕೌನ್ಸೆಲಿಂಗ್ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ಹತ್ತಿರದಲ್ಲಿ ಸರಿಯಾಗಿ ನಡೆಯುವ ಯಾವುದಿದೆಯೋ, ಅವರು ಬಿಡದೆ ಹೋಗಿ ಬರಲು ಯಾವುದು ಒಪ್ಪುತ್ತಾರೋ ಅದು. ಆದರೆ ಈ ಅಧ್ಯಯನಕ್ಕೆ ಹೆರಾಯಿನ್, ಕೊಕೇನ್ ತರಹದ ಇತರ ಡ್ರಗ್ಸ್‌ಗೆ ಅಂಟಿಕೊಂಡವರನ್ನು ಸೇರಿಸಿಕೊಂಡಿರಲಿಲ್ಲ. ಅಲ್ಲಿ ಲೆಕ್ಕವೇ ಬೇರೆ.

ಬೇರೆ ಪದಾರ್ಥ, ಬೇರೆ ದಾರಿ

ಹೆರಾಯಿನ್, ಅಫೀಮು, ಟ್ಯಾಪೆಂಟಡಾಲ್ ತರಹದ ನೋವಿನ ಮಾತ್ರೆಗಳು ಓಪಿಯಾಯ್ಡ್ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಬರೀ ಡಿಟಾಕ್ಸ್ ಮಾಡಿ ಮನೆಗೆ ಕಳಿಸುವುದು ಅಪಾಯಕಾರಿ. ಕೆಲವು ವಾರ ಬಿಟ್ಟಿದ್ದಾಗ ದೇಹ ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಹಾಗಾಗಿ ಇಲ್ಲಿ ಬುಪ್ರಿನಾರ್ಫಿನ್ ಅಥವಾ ಮೆಥಡೋನ್ ಅನ್ನು ಡಾಕ್ಟರ ಮೇಲ್ವಿಚಾರಣೆಯಲ್ಲಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕೊಡುತ್ತಾರೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತಾರೆ" ಅನ್ನುವ ಮಾತು ಕೇಳಿಬರುತ್ತದೆ. ಆದರೆ ಈ ಚಿಕಿತ್ಸೆಯಲ್ಲಿ ಇರುವವರಲ್ಲಿ ಸಾವು ಕಡಿಮೆ, ಸೂಜಿಯಿಂದ ಎಚ್‌ಐವಿ ಹರಡುವುದೂ ಕಡಿಮೆ. ಅವರು ಕೆಲಸಕ್ಕೆ ಹೋಗಿ ಸಂಸಾರ ನಡೆಸುತ್ತಾರೆ.

ಗಾಂಜಾ ಬಿಡಿಸಲು ಒಪ್ಪಿಗೆ ಪಡೆದ ಔಷಧಿ ಯಾವುದೂ ಇಲ್ಲ, ಅಲ್ಲಿ ಮಾತಿನ ಚಿಕಿತ್ಸೆಯೇ ಮುಖ್ಯ. ಹುಡುಗರಲ್ಲಿ ಅನುಮಾನ, ಕಿವಿಯಲ್ಲಿ ಮಾತು ಕೇಳಿಸುವುದು ಶುರುವಾಗಿದ್ದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. ಬೀಡಿ, ಸಿಗರೇಟು, ಗುಟ್ಕಾಕ್ಕೆ ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್, ಬುಪ್ರೊಪಿಯಾನ್, ವೆರೆನಿಕ್ಲೀನ್ ಇವೆ, ಅಡ್ಮಿಟ್ ಆಗುವ ಅಗತ್ಯ ಇಲ್ಲ. ಅಲ್ಪ್ರಜೋಲಾಮ್ ತರಹದ ನಿದ್ದೆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರು ಒಮ್ಮೆಲೇ ನಿಲ್ಲಿಸಬಾರದು, ಮದ್ಯದ ಹಾಗೆ ಅಲ್ಲೂ ಫಿಟ್ಸ್ ಬರಬಹುದು. ಡಾಕ್ಟರು ವಾರಗಟ್ಟಲೆ ಸಮಯ ತೆಗೆದುಕೊಂಡು ಇಳಿಸುತ್ತಾರೆ.

ಆರು ಕಡೆಯಿಂದ ನೋಡುವುದು

ಹಾಗಾದರೆ ಡಾಕ್ಟರು ಒಟ್ಟಾರೆ ತೀರ್ಮಾನ ಮಾಡುವುದು ಹೇಗೆ? ಅಮೆರಿಕದ ಅಡಿಕ್ಷನ್ ವೈದ್ಯರ ಸಂಘ 1991ರಲ್ಲಿ ಒಂದು ಪದ್ಧತಿ ಮಾಡಿಕೊಟ್ಟಿತು, 2023ರಲ್ಲಿ ಅದರ ನಾಲ್ಕನೇ ಆವೃತ್ತಿ ಬಂತು. ಬಹಳ ಕಾಲ ಅದರಲ್ಲಿ ಆರು ವಿಷಯ ನೋಡುತ್ತಿದ್ದರು: ವಿತ್‌ಡ್ರಾವಲ್ ಅಪಾಯ ಎಷ್ಟು, ದೇಹದ ಬೇರೆ ಕಾಯಿಲೆ ಏನು, ಮನಸ್ಸಿನ ಸ್ಥಿತಿ ಹೇಗಿದೆ, ಬದಲಾಗಲು ತಯಾರಿದ್ದಾರಾ, ಮತ್ತೆ ಜಾರುವ ಸಾಧ್ಯತೆ ಎಷ್ಟು, ಮನೆ ಮತ್ತು ಸುತ್ತಲಿನ ವಾತಾವರಣ ಎಂಥದು. ಹೊಸ ಆವೃತ್ತಿಯಲ್ಲಿ 'ತಯಾರಿದ್ದಾರಾ' ಅನ್ನುವುದನ್ನು ಬೇರೆಯಾಗಿ ಎಣಿಸುವುದನ್ನು ಬಿಟ್ಟು, ರೋಗಿಗೆ ಏನು ಬೇಕು, ಅದಕ್ಕೆ ಏನು ಅಡ್ಡಿ ಇದೆ ಅನ್ನುವುದನ್ನು ಸೇರಿಸಿದ್ದಾರೆ. ನನಗೆ ಇದು ಸರಿಯಾದ ಬದಲಾವಣೆ ಅನಿಸುತ್ತದೆ. "ಮನಸ್ಸು ಮಾಡಿಕೊಂಡು ಬನ್ನಿ" ಅಂತ ವಾಪಸ್ ಕಳಿಸುವುದಕ್ಕೆ ಅದೊಂದು ನೆಪ ಆಗಬಾರದು, ಮನಸ್ಸು ಮಾಡಿಸುವುದೂ ಚಿಕಿತ್ಸೆಯ ಕೆಲಸವೇ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿ. ಕೆಲಸಕ್ಕೆ ಹೋಗುವ, ಹೆಂಡತಿ ಮಕ್ಕಳು ಜೊತೆಗಿರುವ, ನಡುಕ ಕಡಿಮೆ ಇರುವ ಒಬ್ಬರಿಗೆ ವಾರಕ್ಕೊಮ್ಮೆ ಒಪಿಡಿಗೆ ಹೋಗುವುದು, ಒಂದು ಮಾತ್ರೆ, ಕೌನ್ಸೆಲಿಂಗ್ ಸಾಕಾಗಬಹುದು. ಒಂಟಿಯಾಗಿರುವ, ಬಾರಿನ ಮೇಲಿನ ರೂಮಿನಲ್ಲೇ ವಾಸ ಮಾಡುವ, ಹಲವು ಸಲ ಜಾರಿದ ಇನ್ನೊಬ್ಬರಿಗೆ ಅದೇ ಮಾತ್ರೆ ಕೊಟ್ಟರೂ ಪ್ರಯೋಜನ ಕಡಿಮೆ. ಅವರಿಗೆ ಆ ವಾತಾವರಣದಿಂದ ಕೆಲವು ತಿಂಗಳು ದೂರ ಇರುವ ಪುನರ್ವಸತಿ ಕೇಂದ್ರ ಬೇಕು.

ಮನಸ್ಸಿನ ಸ್ಥಿತಿಯ ವಿಷಯವನ್ನು ನಮ್ಮಲ್ಲಿ ತುಂಬಾ ಕಡೆಗಣಿಸುತ್ತಾರೆ. ಖಿನ್ನತೆ, ವಿಪರೀತ ಆತಂಕ, ಬೈಪೋಲಾರ್ ಕಾಯಿಲೆ ಕುಡಿತದ ಜೊತೆಗೇ ಇರುವುದು ಸಾಮಾನ್ಯ. ಮೊದಲು ಕುಡಿತ ಬಿಡಲಿ, ಆಮೇಲೆ ಅದನ್ನು ನೋಡೋಣ ಅಂದರೆ ಎರಡೂ ವಾಸಿಯಾಗುವುದಿಲ್ಲ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಅಂಥವರಿಗೆ ಮನೋವೈದ್ಯರಿಲ್ಲದ ಸೆಂಟರ್ ಎಷ್ಟೇ ಹೆಸರು ಮಾಡಿದ್ದರೂ ಹೊಂದುವುದಿಲ್ಲ. ಕುಡಿಯುವ ಹೆಂಗಸರ ಕಷ್ಟ ಇನ್ನೂ ಬೇರೆ. ಅವರು ಬಚ್ಚಿಟ್ಟುಕೊಂಡೇ ಇರುತ್ತಾರೆ, ಗಂಡಸರೇ ತುಂಬಿರುವ ವಾರ್ಡಿಗೆ ಬರಲು ಹಿಂಜರಿಯುತ್ತಾರೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು.

ಶಿಬಿರ, ಆಸ್ಪತ್ರೆ, ಸೆಂಟರ್ ಮತ್ತು ಕಾನೂನು

ನಮ್ಮ ರಾಜ್ಯದ ಹಳ್ಳಿಗಳಿಗೆ ಚೆನ್ನಾಗಿ ಗೊತ್ತಿರುವುದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು. ಊರಲ್ಲೇ ಎಂಟು ದಿನ ನಡೆಯುತ್ತವೆ, ಮನೆಯವರೂ ಪಾಲ್ಗೊಳ್ಳುತ್ತಾರೆ, ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದೇ ಗುಂಪು ಸೇರುತ್ತದೆ. ಸುತ್ತಲಿನವರೆಲ್ಲ ಕುಡಿಯುವವರೇ ಇದ್ದರೆ ಹೊಸ ಬಳಗ ನೆರವಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ, ಇಂಥ ಗುಂಪಿನ ಬೆಲೆ ಅಲ್ಲೇ ಇದೆ. ಯಾವುದೇ ಶಿಬಿರಕ್ಕೆ ಸೇರುವ ಮುಂಚೆ, ಹಿಂದೆ ಫಿಟ್ಸ್ ಬಂದಿದ್ದವರು ಮತ್ತು ಬೇರೆ ಕಾಯಿಲೆ ಇರುವವರು ಡಾಕ್ಟರಿಗೆ ತೋರಿಸಿ, ಬೇಕಿದ್ದರೆ ಆಸ್ಪತ್ರೆಯಲ್ಲಿ ಡಿಟಾಕ್ಸ್ ಮುಗಿಸಿ ಹೋಗುವುದು ಕ್ಷೇಮ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ಅಡಿಕ್ಷನ್ ಮೆಡಿಸಿನ್ ಕೇಂದ್ರ ಇದೆ. ಅಷ್ಟು ದೂರ ಬರಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ವಿಚಾರಿಸಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ.

ಖಾಸಗಿ ಸೆಂಟರಿಗೆ ಸೇರಿಸುವುದಾದರೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ? ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ? ಮನೆಯವರು ಬಂದು ನೋಡಬಹುದಾ, ಫೋನಿನಲ್ಲಿ ಮಾತಾಡಬಹುದಾ? ಬಿಡುಗಡೆ ಆದಮೇಲೆ ಫಾಲೋಅಪ್ ಹೇಗೆ? ಎಲ್ಲರಿಗೂ ಒಂದೇ ಅವಧಿ, ಒಂದೇ ಪ್ಯಾಕೇಜ್ ಅಂತ ಹೇಳಿದರೆ ಅಲ್ಲಿ ಹೊಂದಿಸುವ ಕೆಲಸ ನಡೆಯುತ್ತಿಲ್ಲ ಅಂತಲೇ ಅರ್ಥ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಮದ್ಯ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ಸಮಸ್ಯೆಗಳೂ ಸೇರಿವೆ. ಯಾರನ್ನೂ ಸರಪಳಿಯಲ್ಲಿ ಕಟ್ಟಿಹಾಕುವ ಹಾಗಿಲ್ಲ. ಅವರಾಗಿ ಒಪ್ಪದಿದ್ದಾಗ ಸೇರಿಸಲು ತೀವ್ರ ಅಪಾಯ ಇದೆ ಅಂತ ವೈದ್ಯರು ಪರೀಕ್ಷಿಸಿ ಹೇಳಬೇಕು, ಅದಕ್ಕೂ ಮೊದಲ ಹಂತದಲ್ಲಿ 30 ದಿನದ ಮಿತಿ ಇದೆ. ಮನೆ ಬಾಗಿಲಿಗೆ ವ್ಯಾನ್ ತಂದು ನಾಲ್ಕು ಜನ ಎತ್ತಿಕೊಂಡು ಹೋಗುವುದು ಈ ಕಾನೂನಿನ ದಾರಿ ಅಲ್ಲವೇ ಅಲ್ಲ. ಡ್ರಗ್ಸ್ ವಿಷಯದಲ್ಲಿ ಪೊಲೀಸ್ ಕೇಸಿನ ಹೆದರಿಕೆ ಇರುವವರಿಗೆ ಇನ್ನೊಂದು ಮಾತು: ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸ್ವಂತ ಬಳಕೆಯ ಸಣ್ಣ ಪ್ರಮಾಣದ ಕೇಸುಗಳಲ್ಲಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡುವ ವ್ಯಸನಿಗೆ ರಕ್ಷಣೆ ಕೊಡುತ್ತದೆ.

ಮೊದಲ ಚಿಕಿತ್ಸೆ ಕೆಲಸ ಮಾಡದಿದ್ದರೆ

ಮತ್ತೆ ಕುಡಿದರೆ ಅದೇ ಸೆಂಟರಿಗೆ ಇನ್ನೊಮ್ಮೆ, ಅದೇ ಮೂರು ತಿಂಗಳು, ಹೀಗೆ ಸುತ್ತುವ ಮನೆಗಳು ಎಷ್ಟೋ ಇವೆ. ಬಿಪಿ ಮಾತ್ರೆ ಹಿಡಿಸದಿದ್ದರೆ ಡಾಕ್ಟರು ಡೋಸ್ ಬದಲಿಸುತ್ತಾರೆ, ಇನ್ನೊಂದು ಮಾತ್ರೆ ಸೇರಿಸುತ್ತಾರೆ. ರೋಗಿಗೆ ಇಚ್ಛಾಶಕ್ತಿ ಇಲ್ಲ ಅಂತ ಯಾರೂ ಬೈಯುವುದಿಲ್ಲ. ಇಲ್ಲೂ ಹಾಗೇ ಆಗಬೇಕು. ಒಪಿಡಿ ಸಾಲದಿದ್ದರೆ ಅಡ್ಮಿಷನ್, ಮಾತು ಮಾತ್ರ ಸಾಲದಿದ್ದರೆ ಜೊತೆಗೆ ಔಷಧಿ, ಒಂದು ಔಷಧಿ ಆಗದಿದ್ದರೆ ಇನ್ನೊಂದು, ಖಿನ್ನತೆ ಕಣ್ಣಿಗೆ ಬಿದ್ದಿರದಿದ್ದರೆ ಅದರ ತಪಾಸಣೆ. ಚೆನ್ನಾಗಿ ಇದ್ದಾಗ ಭೇಟಿಗಳ ಅಂತರ ಹೆಚ್ಚಿಸಬಹುದು.

ಎರಡನೇ ಸಲ ಹೋಗುವಾಗ ಹಳೆ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಯಾವ ಮಾತ್ರೆ ಎಷ್ಟು ದಿನ ತೆಗೆದುಕೊಂಡರು, ಯಾವಾಗ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಅತಿ ಹೆಚ್ಚು ಅಂದರೆ ಎಷ್ಟು ದಿನ ಕುಡಿಯದೆ ಇದ್ದರು, ಮತ್ತೆ ಶುರುವಾದ ದಿನ ಏನಾಗಿತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಡಾಕ್ಟರ ಅರ್ಧ ಕೆಲಸ ಹಗುರವಾಗುತ್ತದೆ. ಕುಡಿಯದೆ ಇದ್ದ ದಿನಗಳ ಬಗ್ಗೆ ವಿಶೇಷವಾಗಿ ಹೇಳಿ, ಆಗ ಏನು ನೆರವಾಗಿತ್ತೋ ಅದನ್ನು ಮತ್ತೆ ಬಳಸಿಕೊಳ್ಳಬಹುದು.

ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನಮುಕ್ತಿಗೇ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446. ಕುಡಿಯುವವರು ಇನ್ನೂ ಒಪ್ಪಿಲ್ಲ ಅಂತ ಕಾಯಬೇಡಿ, ಮನೆಯವರೇ ಮೊದಲು ಮಾತಾಡಬಹುದು. ನಡುಕ ಜಾಸ್ತಿಯಾಗಿ, ಮಾತು ಅಡ್ಡಾದಿಡ್ಡಿ ಆಗಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಈ ಎರಡೂ ನಂಬರ್ ಬಿಟ್ಟು 108ಕ್ಕೆ ಫೋನ್ ಮಾಡಿ.